ಓದುಗರ ಪ್ರಶ್ನೆ, ವೈದ್ಯರ ಉತ್ತರ: ಐವಿಎಫ್ ನಂತರದ ಅವಳಿ, ತ್ರಿವಳಿ ಶಿಶುಗಳ ಆರೋಗ್ಯ

ಈ ಸಂಚಿಕೆಯ ಐದೂ ಪತ್ರಗಳು ಐವಿಎಫ್ (ಪ್ರಯೋಗಾಲಯದಲ್ಲಿ ಭ್ರೂಣವನ್ನು ರೂಪಿಸಿ ಗರ್ಭಕೋಶದಲ್ಲಿ ಇರಿಸುವ) ಚಿಕಿತ್ಸೆಯಿಂದ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಪಡೆದ ಅಥವಾ ಆ ಚಿಕಿತ್ಸೆಗೆ ಸಿದ್ಧರಾಗುತ್ತಿರುವ ಕುಟುಂಬಗಳಿಂದ ಬಂದಿವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟು ಪ್ರಶ್ನೆಗಳನ್ನು ಸಂಕ್ಷೇಪಿಸಲಾಗಿದೆ. ಉತ್ತರಿಸಿರುವವರು ನವಜಾತ ಶಿಶು ತಜ್ಞರು.

ಪ್ರಶ್ನೆ: ಮದುವೆಯಾಗಿ ಎಷ್ಟೋ ವರ್ಷಗಳ ನಂತರ ಐವಿಎಫ್ ಮಾಡಿಸಿಕೊಂಡೆ. ಎರಡೇ ಭ್ರೂಣಗಳನ್ನು ಗರ್ಭಕೋಶದಲ್ಲಿ ಇರಿಸಿದ್ದೇವೆ ಎಂದು ಹೇಳಿದ್ದರು. 9ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮೂರು ಹೃದಯ ಬಡಿತಗಳು ಕಾಣಿಸಿವೆ. ಆಸ್ಪತ್ರೆಯವರು ಲೆಕ್ಕ ತಪ್ಪಿದ್ದಾರೆಯೇ? ಭ್ರೂಣಗಳ ಸಂಖ್ಯೆಯನ್ನು ಕಡಿಮೆ ಮಾಡಿಸುವ ಬಗ್ಗೆ ಯೋಚಿಸಿ ಎಂದೂ ಸೂಚಿಸಿದ್ದಾರೆ. ಐವಿಎಫ್ ಮಕ್ಕಳು ಹುಟ್ಟಿನಿಂದಲೇ ಅಶಕ್ತರು ಎಂಬ ಮಾತು ಬೇರೆ ಕಿವಿಗೆ ಬೀಳುತ್ತಿದೆ. ಮನಸ್ಸಿಗೆ ನೆಮ್ಮದಿಯಿಲ್ಲ.
– ಓದುಗಿ, ದಾವಣಗೆರೆ

ಉತ್ತರ: ಲೆಕ್ಕ ತಪ್ಪಿರಬೇಕೆಂದೇನೂ ಇಲ್ಲ. ಇರಿಸಿದ ಎರಡು ಭ್ರೂಣಗಳಲ್ಲಿ ಒಂದು ತಾನಾಗಿಯೇ ಎರಡಾಗಿ ಒಡೆದರೆ ಮೂರು ಶಿಶುಗಳಾಗುತ್ತವೆ. ಸಹಜ ಗರ್ಭದಲ್ಲಿಯೂ ಹೀಗೆ ಒಡೆಯುವುದುಂಟು. ಪ್ರಯೋಗಾಲಯದಲ್ಲಿ 5 ದಿನ ಬೆಳೆಸಿದ ಭ್ರೂಣಗಳಲ್ಲಿ ಇದು ತುಸು ಹೆಚ್ಚು. ಆದರೆ ನಿಮ್ಮ ವಿಷಯದಲ್ಲಿ ಮೂವರು ಎಂಬುದಕ್ಕಿಂತಲೂ ಮುಖ್ಯವಾದ ಪ್ರಶ್ನೆಯೆಂದರೆ ಎಷ್ಟು ಮಾಸುಗಳಿವೆ (ಪ್ಲಾಸೆಂಟಾ) ಎಂಬುದು. ಒಂದೇ ಭ್ರೂಣದಿಂದ ಬಂದ ಜೋಡಿಯು ಬಹುಪಾಲು ಸಂದರ್ಭಗಳಲ್ಲಿ ಒಂದೇ ಮಾಸನ್ನು ಹಂಚಿಕೊಳ್ಳುತ್ತದೆ. ಹಾಗೆ ಹಂಚಿಕೊಂಡಾಗ ಇಬ್ಬರ ರಕ್ತನಾಳಗಳೂ ಮಾಸಿನೊಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಮತ್ತು ಅಂಥ ನೂರು ಜೋಡಿಗಳಲ್ಲಿ ಸುಮಾರು 10ರಿಂದ 15ರಲ್ಲಿ ಒಂದು ಶಿಶುವಿನ ರಕ್ತ ಇನ್ನೊಂದರ ಕಡೆಗೆ ಹೆಚ್ಚಾಗಿ ಹರಿದುಹೋಗುತ್ತದೆ. ಕೊಡುವ ಶಿಶು ಸೊರಗಿ, ಗರ್ಭದಲ್ಲಿ ಅದನ್ನು ಸುತ್ತಿರುವ ಚೀಲದಲ್ಲಿ ನೀರು ಬತ್ತುತ್ತದೆ. ಪಡೆಯುವ ಶಿಶುವಿನ ಚೀಲದಲ್ಲಿ ನೀರು ವಿಪರೀತವಾಗಿ ತುಂಬಿ ಅದರ ಹೃದಯದ ಮೇಲೆ ಭಾರ ಬೀಳುತ್ತದೆ. ಸಕಾಲದಲ್ಲಿ ಗೊತ್ತಾದರೆ ಗರ್ಭದೊಳಗೇ ಲೇಸರ್‌ನಿಂದ ಆ ನಾಳಗಳನ್ನು ಮುಚ್ಚಬಹುದು. ಆದ್ದರಿಂದಲೇ ಒಂದೇ ಮಾಸಿನ ಜೋಡಿಯಿದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಆಗಲೇಬೇಕು.

ಮಾಸುಗಳ ಎಣಿಕೆ ಅತ್ಯಂತ ಸ್ಪಷ್ಟವಾಗಿ ತಿಳಿಯುವುದು 11ರಿಂದ 14ನೇ ವಾರದೊಳಗೆ. ನಂತರ ಚೀಲಗಳ ನಡುವಿನ ಪೊರೆ ತೆಳುವಾಗುವುದರಿಂದ ನಿರ್ಧರಿಸುವುದು ಕಷ್ಟ. ಮುಂದಿನ ಸ್ಕ್ಯಾನಿಂಗ್‌ಗೆ ಹೋದಾಗ, ಮಾಸುಗಳೆಷ್ಟು, ಚೀಲಗಳೆಷ್ಟು ಎಂಬುದನ್ನು ವರದಿಯಲ್ಲಿ ಬರೆದುಕೊಡಿ ಎಂದು ನೀವಾಗಿಯೇ ಕೇಳಿ ಪಡೆಯಿರಿ. ಇಷ್ಟು ಅಗತ್ಯವಾದ ಮಾಹಿತಿಯೇ ಎಷ್ಟೋ ಫೈಲುಗಳಲ್ಲಿ ಇರುವುದಿಲ್ಲ, ಮತ್ತು ಅದರ ಕೊರತೆ ನಮ್ಮ ಅರಿವಿಗೆ ಬರುವುದು ಹೆರಿಗೆ ಕೊಠಡಿಯಲ್ಲಿ.

ಭ್ರೂಣಗಳ ಸಂಖ್ಯೆ ಇಳಿಸುವ ಸಲಹೆ ನಿಮ್ಮನ್ನು ನೋಯಿಸಿರುವುದು ಸಹಜ. ಮಗುವಿಗಾಗಿ ಇಷ್ಟು ವರ್ಷ ಹಂಬಲಿಸಿದವರಿಗೆ ಆ ಮಾತನ್ನು ಕೇಳಿಸಿಕೊಳ್ಳುವುದೇ ಕಷ್ಟ. ಆದರೂ ವೈದ್ಯರು ಅದನ್ನು ನಿರ್ದಯೆಯಿಂದ ಹೇಳಿಲ್ಲ. ಒಂದೇ ಶಿಶುವಿನ ಗರ್ಭ ಸಾಮಾನ್ಯವಾಗಿ 39-40 ವಾರ ನಿಲ್ಲುತ್ತದೆ. ಅವಳಿಗಳಾದರೆ ಸರಾಸರಿ 35-36 ವಾರ, ತ್ರಿವಳಿಗಳಾದರೆ 32 ವಾರದ ಆಸುಪಾಸು. ತ್ರಿವಳಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಗರ್ಭಗಳು 37 ವಾರ ತುಂಬುವ ಮುನ್ನವೇ ಹೆರಿಗೆಯಾಗುತ್ತವೆ, ತಾಯಿಗೆ ಬಿಪಿ ಏರುವ ಸಂಭವವೂ ಹೆಚ್ಚು. ಸಂಖ್ಯೆ ಇಳಿಸಿದರೆ ಉಳಿದ ಶಿಶುಗಳು ಹೆಚ್ಚು ವಾರ ಗರ್ಭದಲ್ಲಿ ಉಳಿಯುವ ಸಾಧ್ಯತೆ ಹೆಚ್ಚುತ್ತದೆ; ಅದರ ಜೊತೆಗೆ ಇಡೀ ಗರ್ಭವೇ ಬಿದ್ದುಹೋಗುವ ಸಣ್ಣ ಅಪಾಯವೂ ಇದೆ. ನಿಮ್ಮಲ್ಲಿ ಒಂದು ಜೋಡಿಯು ಮಾಸನ್ನು ಹಂಚಿಕೊಂಡಿದ್ದರೆ ಹೃದಯ ಬಡಿತ ನಿಲ್ಲಿಸುವ ಔಷಧವನ್ನು ಆ ಜೋಡಿಯಲ್ಲಿ ಒಂದಕ್ಕೆ ಮಾತ್ರ ಕೊಡಲು ಬರುವುದಿಲ್ಲ, ಏಕೆಂದರೆ ಅದು ಇನ್ನೊಂದಕ್ಕೂ ತಲುಪುತ್ತದೆ. ಹೀಗಾಗಿ ಭ್ರೂಣ ಚಿಕಿತ್ಸೆಯಲ್ಲಿ ಪಳಗಿದ ತಜ್ಞರನ್ನು ಕಾಣದೆ ಯಾವ ನಿರ್ಧಾರಕ್ಕೂ ಬರಬೇಡಿ. ಮೂವರನ್ನೂ ಉಳಿಸಿಕೊಳ್ಳುತ್ತೇನೆಂದರೆ ಅದು ನಿಮ್ಮ ಹಕ್ಕು. ಆಗ ಮೂರು ಶಿಶುಗಳನ್ನು ಏಕಕಾಲಕ್ಕೆ ನೋಡಿಕೊಳ್ಳಬಲ್ಲ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಆಸ್ಪತ್ರೆಯನ್ನು 24ನೇ ವಾರದೊಳಗೆ ಗೊತ್ತು ಮಾಡಿಕೊಳ್ಳಿ. ಅವಧಿಗೆ ಮುನ್ನ ನೋವು ಕಾಣಿಸಿಕೊಂಡರೆ ತಡಮಾಡದೆ ಅಲ್ಲಿಗೇ ಹೋಗಿ. ಶಿಶುವಿನ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ಗಳ ಪೂರ್ಣ ಫಲ ಸಿಗಲು ಹೆರಿಗೆಗೆ ಮುಂಚೆ ಒಂದು ದಿನದ ಕಾಲಾವಕಾಶವಾದರೂ ಬೇಕಾಗುತ್ತದೆ.

ಇನ್ನು, ಐವಿಎಫ್ ಮಕ್ಕಳು ಅಶಕ್ತರೆಂಬ ಮಾತು. ಜಗತ್ತಿನ ಮೊದಲ ಐವಿಎಫ್ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ನಮ್ಮ ದೇಶದ ಮೊದಲ ಶಿಶು ಹುಟ್ಟಿತು. ಆ ತಲೆಮಾರು ಈಗ ನಡುವಯಸ್ಸು ಮುಟ್ಟಿದೆ. ಐವಿಎಫ್‌ನ ನಂತರ ಹುಟ್ಟುವ ಮಕ್ಕಳಲ್ಲಿ ಜನ್ಮಜಾತ ದೋಷಗಳ ಪ್ರಮಾಣ ತುಸು ಹೆಚ್ಚಿರುವುದು ನಿಜ, ಆದರೆ ಅದರಲ್ಲಿ ಒಂದು ಪಾಲು ಚಿಕಿತ್ಸೆಯಿಂದಲ್ಲ, ಗರ್ಭ ನಿಲ್ಲದಿರಲು ಕಾರಣವಾದ ತಂದೆತಾಯಿಯರ ಆರೋಗ್ಯ ಮತ್ತು ವಯಸ್ಸಿನಿಂದ ಬಂದದ್ದು. ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ನಾನು ಎನ್‌ಐಸಿಯುವಿನಲ್ಲಿ ನೋಡುವ ಕಷ್ಟಗಳ ಬಹುಪಾಲಿಗೆ ಕಾರಣ ಐವಿಎಫ್ ಅಲ್ಲ. ಒಂದೇ ಗರ್ಭದಲ್ಲಿ ಹಲವರಿದ್ದುದು, ಅದರಿಂದ ತಿಂಗಳು ತುಂಬುವ ಮುನ್ನವೇ ಹುಟ್ಟಿದ್ದು.

ಪ್ರಶ್ನೆ: ನಾವು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದೇವೆ. ಇಲ್ಲಿಯ ವೈದ್ಯರು ಒಂದೇ ಭ್ರೂಣವನ್ನು ಇರಿಸುವುದಾಗಿ ಪಟ್ಟು ಹಿಡಿದಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ತಂಗಿಗೆ ಮೊದಲ ಸಲವೇ ಎರಡನ್ನು ಇರಿಸಿ, ಅವಳಿ ಹೆಣ್ಣುಮಕ್ಕಳಾಗಿ, ಈಗ ಚೆನ್ನಾಗಿದ್ದಾರೆ. ನನಗೆ 33 ವರ್ಷ. ಒಂದೇ ಖರ್ಚಿನಲ್ಲಿ ಸಂಸಾರ ಪೂರ್ಣವಾಗುತ್ತದಲ್ಲ, ಊರಿಗೆ ಬಂದು ಮಾಡಿಸಿಕೊಳ್ಳೋಣವೇ ಎಂದು ಯೋಚಿಸುತ್ತಿದ್ದೇವೆ.
– ಓದುಗಿ, ಮ್ಯಾಂಚೆಸ್ಟರ್

ಉತ್ತರ: ನಿಮ್ಮ ವೈದ್ಯರ ಮಾತನ್ನೇ ಕೇಳಿ ಎಂಬುದು ನನ್ನ ಸ್ಪಷ್ಟ ಸಲಹೆ. ತಂಗಿಯ ಮಕ್ಕಳು ಚೆನ್ನಾಗಿರುವುದು ಸಂತೋಷ. ಆದರೆ ಒಬ್ಬರ ಅನುಭವವನ್ನು ನೋಡಿ ಇನ್ನೊಬ್ಬರ ಅಪಾಯವನ್ನು ಅಳೆಯಲಾಗದು.

ಎರಡನ್ನು ಇರಿಸಿದರೆ ಮಗುವಾಗುವ ಸಾಧ್ಯತೆ ಇಮ್ಮಡಿಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಸ್ಕ್ಯಾಂಡಿನೇವಿಯಾದ ಆಸ್ಪತ್ರೆಗಳಲ್ಲಿ 36 ವರ್ಷದೊಳಗಿನ ಮಹಿಳೆಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ನೇರವಾಗಿ ಪರೀಕ್ಷಿಸಿತು. ಒಂದು ಗುಂಪಿಗೆ ಒಟ್ಟಿಗೆ ಎರಡು ಭ್ರೂಣಗಳನ್ನು ಇರಿಸಲಾಯಿತು. ಇನ್ನೊಂದು ಗುಂಪಿಗೆ ಒಂದನ್ನು ಇರಿಸಿ, ಅದು ಫಲಿಸದಿದ್ದರೆ ಮಾತ್ರ ಶೈತ್ಯೀಕರಿಸಿಟ್ಟ ಮತ್ತೊಂದನ್ನು ಇರಿಸಲಾಯಿತು. ಮಗು ಪಡೆದವರು ಮೊದಲ ಗುಂಪಿನಲ್ಲಿ ಸುಮಾರು ಶೇ 43, ಎರಡನೆಯದರಲ್ಲಿ ಸುಮಾರು ಶೇ 39. ಅಂತರ ಅಷ್ಟೇ. ಆದರೆ ಹೆರಿಗೆಗಳಲ್ಲಿ ಅವಳಿಗಳ ಪಾಲು ಮೊದಲ ಗುಂಪಿನಲ್ಲಿ ಶೇ 33, ಎರಡನೆಯದರಲ್ಲಿ ಶೇ 1ಕ್ಕಿಂತಲೂ ಕಡಿಮೆ. ಸ್ವೀಡನ್ 2003ರಿಂದಲೇ ಒಂದೇ ಭ್ರೂಣದ ಪದ್ಧತಿಯನ್ನು ನಿಯಮವಾಗಿಸಿಕೊಂಡಿದೆ. ನೀವಿರುವ ಬ್ರಿಟನ್ನಿನಲ್ಲಿ 2008ರಲ್ಲಿ ಐವಿಎಫ್ ಹೆರಿಗೆಗಳ ಸುಮಾರು ಶೇ 24ರಷ್ಟು ಅವಳಿ-ತ್ರಿವಳಿಗಳಾಗಿದ್ದವು, 2019ರ ಹೊತ್ತಿಗೆ ಅದು ಶೇ 6ಕ್ಕೆ ಇಳಿಯಿತು.

ಭಾರತದಲ್ಲಿ ಐವಿಎಫ್ ವೆಚ್ಚವನ್ನು ಹೆಚ್ಚಿನ ದಂಪತಿಗಳು ಸಾಲ ಮಾಡಿ, ಒಡವೆ ಅಡವಿಟ್ಟು ತಾವೇ ಭರಿಸುತ್ತಾರೆ, ಹಾಗಾಗಿ ಒಂದೇ ಯತ್ನದಲ್ಲಿ ಕೆಲಸವಾಗಲಿ ಎಂಬ ಒತ್ತಡ ದಂಪತಿಗಳ ಮೇಲೂ ವೈದ್ಯರ ಮೇಲೂ ಇರುತ್ತದೆ. ಆ ಒತ್ತಡವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 30 ವಾರಕ್ಕೆ ಹುಟ್ಟಿದ ಇಬ್ಬರು ಶಿಶುಗಳು ಖಾಸಗಿ ಎನ್‌ಐಸಿಯುವಿನಲ್ಲಿ ಒಂದೂವರೆ ತಿಂಗಳು ಉಳಿದರೆ, ಉಳಿಸಿದೆವೆಂದುಕೊಂಡ ಹಣದ ಹಲವು ಪಟ್ಟು ಅಲ್ಲಿಯೇ ಕರಗುತ್ತದೆ. ನಿಮ್ಮ ವಯಸ್ಸಿನಲ್ಲಿ ಕಾಲವೂ ನಿಮ್ಮ ಕಡೆಗಿದೆ. ಉಳಿದ ಭ್ರೂಣಗಳನ್ನು ಶೈತ್ಯೀಕರಿಸಿಡಿ, ಮೊದಲ ಮಗುವಿಗೆ ವರ್ಷ ಎರಡು ವರ್ಷ ತುಂಬಿದ ಮೇಲೆ ಎರಡನೆಯದಕ್ಕೆ ಮತ್ತೆ ಒಂದನ್ನು ಇರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಸೊಸೆಗೆ 31 ವಾರಕ್ಕೇ ಮೂವರು ಮಕ್ಕಳಾಗಿದ್ದಾರೆ. ತೂಕ 1.6, 1.4 ಮತ್ತು 1.1 ಕಿಲೋ. ಮೂವರೂ ಎನ್‌ಐಸಿಯುವಿನಲ್ಲಿದ್ದಾರೆ. ಸಣ್ಣದಕ್ಕೆ ಮೂಗಿನಲ್ಲಿ ಉಸಿರಿನ ಕೊಳವೆ ಇಟ್ಟಿದ್ದಾರೆ. ಸೊಸೆಗೆ ಹಾಲು ಸಾಲದು ಎಂಬ ಚಿಂತೆ. ಮನೆಗೆ ಕರೆತಂದ ಮೇಲೆ ಎಣ್ಣೆನೀರು, ಬಜೆ, ಸಾಂಬ್ರಾಣಿ ಹೊಗೆ ಯಾವಾಗಿನಿಂದ ಶುರು ಮಾಡಬಹುದು? ನನಗೆ ನಾಲ್ಕು ಮಕ್ಕಳ ಬಾಣಂತನ ಮಾಡಿಸಿದ ಅನುಭವವಿದೆ.
– ಅಜ್ಜಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ನಿಮ್ಮಂಥವರು ಜೊತೆಗಿರುವುದು ಆ ಮೂರು ಮಕ್ಕಳ ಪುಣ್ಯ. ನಿಮ್ಮ ಅನುಭವ ಬೇಕೇ ಬೇಕು, ಆದರೆ ತಿಂಗಳು ತುಂಬಿ ಹುಟ್ಟಿದ ಮಕ್ಕಳಿಗೆ ಮಾಡಿದ್ದನ್ನೆಲ್ಲ ಇವರಿಗೆ ಮಾಡಲಾಗದು.

ಮೊದಲು ಉಸಿರಿನ ವಿಷಯ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಉಸಿರು ಬಿಟ್ಟಾಗ ಮುದುಡಿಹೋಗದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ದ್ರವವು 31 ವಾರದ ಶಿಶುವಿನಲ್ಲಿ ಸಾಕಷ್ಟು ತಯಾರಾಗಿರುವುದಿಲ್ಲ. ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಆ ಚೀಲಗಳನ್ನು ತೆರೆದಿಡುತ್ತದೆ. ಈ ವಾರಗಳ ಮಕ್ಕಳು ಉಸಿರಾಡುವುದನ್ನೇ ಕೆಲವು ಕ್ಷಣ ಮರೆಯುವುದೂ ಉಂಟು. ಅದಕ್ಕೆ ಕೆಫೀನ್ ಔಷಧ ಕೊಡುತ್ತಾರೆ. ಮಾನಿಟರ್ ಬಡಿದುಕೊಂಡಾಗಲೆಲ್ಲ ಗಾಬರಿಯಾಗಬೇಡಿ.

ಹಾಲಿನ ಬಗ್ಗೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮನೆಯವರು ಮಾಡಬಹುದಾದ ಅತಿ ದೊಡ್ಡ ಚಿಕಿತ್ಸೆ ಇದೇ. ತಿಂಗಳು ತುಂಬದ ಶಿಶುವಿನ ಕರುಳು ಬಹಳ ನಾಜೂಕು. ಕರುಳು ಊದಿಕೊಂಡು ಕೊಳೆಯುವ ಪ್ರಾಣಾಂತಕ ಕಾಯಿಲೆಯೊಂದಿದೆ; ತಾಯಿಯ ಹಾಲು ಕುಡಿಯುವ ಮಕ್ಕಳಲ್ಲಿ ಅದು ಡಬ್ಬಿ ಹಾಲಿನವರಿಗಿಂತ ಬಹಳ ಕಡಿಮೆ. ಈಗ ಸೊಸೆಗೆ ಬರುತ್ತಿರುವುದು ಕೆಲವೇ ಹನಿಯಾದರೂ ಒಂದನ್ನೂ ಚೆಲ್ಲಬೇಡಿ, ಆ ಹನಿಗಳನ್ನು ಮೂವರಿಗೂ ಹಂಚಿ ಕೊಡುತ್ತಾರೆ. ಹಾಲು ತೆಗೆದಷ್ಟೂ ಹೆಚ್ಚುತ್ತದೆ. ದಿನಕ್ಕೆ 8ರಿಂದ 10 ಸಲ, ಅಂದರೆ ಎರಡೂವರೆ ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ಕೈಯಿಂದಲೋ ಪಂಪ್‌ನಿಂದಲೋ ಹಿಂಡಿ ತೆಗೆಯಬೇಕು. ತೆಗೆದ ಹಾಲನ್ನು ಮುಚ್ಚಳವಿರುವ ಸ್ವಚ್ಛ ಪಾತ್ರೆಯಲ್ಲಿ ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಇಡಬಹುದು. ಬಾಣಂತಿಗೆ ನೀರು ಕಡಿಮೆ ಕೊಡುವ, ಸೊಪ್ಪು ತರಕಾರಿ ನಿಲ್ಲಿಸಿ ಬರೀ ಅನ್ನ ಮೆಣಸಿನ ಸಾರಿನ ಮೇಲೆ ಇಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಈ ಸಲ ಬಿಡಿ. ಮೂವರಿಗೆ ಹಾಲು ತಯಾರಿಸುವ ದೇಹಕ್ಕೆ ಬಾಯಾರಿದಷ್ಟು ನೀರು, ಬೇಳೆ, ಹಾಲು ಮೊಸರು, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಎಲ್ಲವೂ ಬೇಕು. ಇಬ್ಬರಿಗೆ ಸಾಲುವಷ್ಟು ಹಾಲು ಬಹಳಷ್ಟು ತಾಯಂದಿರಿಗೆ ಬರುತ್ತದೆ. ಮೂವರಿಗೆ ಕೊರತೆ ಬಿದ್ದರೆ ಅದು ಸೊಸೆಯ ತಪ್ಪಲ್ಲ, ಆ ಮಾತನ್ನು ಮನೆಗೆ ಬಂದವರೆದುರು ಆಡಲೂ ಬೇಡಿ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿರುವಂತೆ ಎದೆಹಾಲಿನ ಬ್ಯಾಂಕ್‌ಗಳಲ್ಲಿ ಪಾಶ್ಚರೀಕರಿಸಿದ ದಾನಿಗಳ ಹಾಲು ಸಿಗುತ್ತದೆ. ಅದೂ ಇಲ್ಲದಿದ್ದಲ್ಲಿ ವೈದ್ಯರು ಅವಧಿಪೂರ್ವ ಶಿಶುಗಳಿಗೆಂದೇ ತಯಾರಿಸಿದ ಪುಡಿಯನ್ನು ಸೂಚಿಸುತ್ತಾರೆ.

ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರೂ ಹೊಂದಿಕೊಳ್ಳುವುದು 34ನೇ ವಾರದ ಸುಮಾರಿಗೆ. ಅಲ್ಲಿಯವರೆಗೆ ಮೊದಲು ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆಯಿಂದ, ಆಮೇಲೆ ಒಳಲೆಯಿಂದ ಹಾಲು ಕೊಡುತ್ತಾರೆ. ಒಳಲೆ ಹಿಡಿಯುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಒಂದನ್ನು ಮಾತ್ರ ನೆನಪಿಡಿ: ಮಗುವನ್ನು ಪೂರ್ತಿ ಮಲಗಿಸಿ ಹಾಲು ಸುರಿಯಬಾರದು. ತಲೆ ಎತ್ತರಿಸಿ ಹಿಡಿದು, ತುಟಿಯಂಚಿಗೆ ಒಳಲೆಯ ಮೂತಿಯನ್ನು ತಾಗಿಸಿ, ಮಗು ಒಂದು ಗುಟುಕು ನುಂಗಿದ್ದನ್ನು ಕಂಡ ನಂತರವೇ ಮುಂದಿನ ಗುಟುಕು ಕೊಡಬೇಕು.

ನೀವು ಕೈಜೋಡಿಸಬೇಕಾದ ಇನ್ನೊಂದು ಕೆಲಸ ಕಾಂಗರೂ ಆರೈಕೆ. ಡಯಪರ್, ಟೋಪಿ, ಕಾಲುಚೀಲ ಬಿಟ್ಟು ಬೇರೇನೂ ತೊಡಿಸದ ಮಗುವನ್ನು ದೊಡ್ಡವರ ಬರಿಯ ಎದೆಗೆ ನೇರವಾಗಿ ಒರಗಿಸಿ, ಮೇಲಿಂದ ಬಟ್ಟೆ ಕಟ್ಟಿಕೊಳ್ಳುವುದು. ಕೊಲಂಬಿಯಾದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರ್‌ಗಳ ಕೊರತೆಯಿಂದ ಆರಂಭವಾದ ಈ ಪದ್ಧತಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ ಭಾರತ ಮತ್ತು ಆಫ್ರಿಕಾದ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 1 ಕಿಲೋದಿಂದ 1.8 ಕಿಲೋ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಸಾವುಗಳು ನಾಲ್ಕನೇ ಒಂದರಷ್ಟು ಕಡಿಮೆಯಾದವು. ಮೂವರಿರುವಾಗ ತಾಯಿಯೊಬ್ಬಳಿಂದ ಸಾಧ್ಯವಿಲ್ಲ. ತಾಯಿ ಇಬ್ಬರನ್ನು, ತಂದೆ ಅಥವಾ ನೀವು ಒಬ್ಬರನ್ನು, ಸರದಿಯಂತೆ ದಿನಕ್ಕೆ 8 ಗಂಟೆಗೂ ಹೆಚ್ಚು ಹೊತ್ತು ಹಿಡಿಯಿರಿ. ಗಂಡಸರ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ, ಮಗನಿಗೆ ಸಂಕೋಚ ಬೇಡವೆಂದು ಹೇಳಿ.

ಎಣ್ಣೆನೀರು ಈಗ ಬೇಡ. ತೂಕ 2 ಕಿಲೋ ದಾಟಿ, ವೈದ್ಯರು ಒಪ್ಪುವವರೆಗೆ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಚರ್ಮದಡಿ ಕೊಬ್ಬಿಲ್ಲದ ಈ ಮಕ್ಕಳ ಮೈ ಸ್ನಾನದ ಕೆಲವೇ ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಸಾಂಬ್ರಾಣಿ ಹೊಗೆಯನ್ನು ಈ ಶ್ವಾಸಕೋಶಗಳು ತಾಳಲಾರವು, ಅದು ಬೇಡವೇ ಬೇಡ. ಬಜೆ, ಜೇನುತುಪ್ಪ, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದನ್ನೂ ನೆಕ್ಕಿಸಬೇಡಿ. ತೊಟ್ಟಿಲ ಶಾಸ್ತ್ರವನ್ನು ಮುಂದೂಡಿ, ಮಾಡಿದಾಗಲೂ ಮಗುವನ್ನು ಕೈಯಿಂದ ಕೈಗೆ ದಾಟಿಸದೆ ಮನೆಯವರಷ್ಟೇ ಇದ್ದು ಮಾಡಿ. ಮುಟ್ಟುವ ಪ್ರತಿಯೊಬ್ಬರೂ ಸೋಪಿನಿಂದ ಕೈ ತೊಳೆಯಲಿ, ನೆಗಡಿಯಿರುವವರು ಹೊರಗೇ ಇರಲಿ.

ಪ್ರಶ್ನೆ: ನಮ್ಮ ಅವಳಿ ಮಕ್ಕಳು 32 ವಾರಕ್ಕೆ ಹುಟ್ಟಿ, ಈಗ 24 ದಿನ. ಮನೆಗೆ ಬಂದಿದ್ದೇವೆ. ಚೀಟಿಯಲ್ಲಿ ಕಣ್ಣಿನ ಪರೀಕ್ಷೆ ಎಂದು ಬರೆದಿದ್ದಾರೆ. ಮಕ್ಕಳ ಕಣ್ಣು ನೋಡಲು ಸರಿಯಾಗಿಯೇ ಇವೆ. ಮೂರು ತಿಂಗಳು ತುಂಬದೆ ಹೊಸ್ತಿಲು ದಾಟಿಸಬಾರದೆಂದು ಹಿರಿಯರು ಹೇಳುತ್ತಿದ್ದಾರೆ. ಆಮೇಲೆ ಮಾಡಿಸಿದರೆ ಆಗದೇ?
– ಓದುಗ, ಕೊಪ್ಪಳ

ಉತ್ತರ: ಆಗದು. ಈ ವಾರದೊಳಗೇ ಮಾಡಿಸಿ. ಇಲ್ಲಿ ಮೂರು ತಿಂಗಳು ಕಾಯುವುದೆಂದರೆ ಮಕ್ಕಳ ದೃಷ್ಟಿಯನ್ನು ಪಣಕ್ಕಿಟ್ಟಂತೆ.

ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತಾ ಹೋಗಿ, ತಿಂಗಳು ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಬೇಗ ಹುಟ್ಟಿದ ಮಗುವಿನಲ್ಲಿ ಈ ಬೆಳವಣಿಗೆ ಅರ್ಧಕ್ಕೆ ನಿಂತು, ಮುಂದೆ ಅಡ್ಡಾದಿಡ್ಡಿಯಾಗಿ ಹೊಸ ನಾಳಗಳು ಹುಟ್ಟಿ, ಕೊನೆಗೆ ಅಕ್ಷಿಪಟಲವನ್ನೇ ಕಿತ್ತೆಳೆಯಬಹುದು. ಆರ್‌ಒಪಿ ಎಂದು ಕರೆಯುವ ಈ ಕಾಯಿಲೆ ಹೊರನೋಟಕ್ಕೆ ಕಾಣುವುದಿಲ್ಲ. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕವಿದ್ದ ಎಲ್ಲ ಶಿಶುಗಳಿಗೂ ಹುಟ್ಟಿದ 30 ದಿನಗಳೊಳಗೆ ಮೊದಲ ಪರೀಕ್ಷೆಯಾಗಬೇಕು. 28 ವಾರಕ್ಕೂ ಮುಂಚೆ ಹುಟ್ಟಿದವರಿಗೆ ಇನ್ನೂ ಬೇಗ, 2-3 ವಾರದಲ್ಲೇ. ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರಬಹುದು, ಆದ್ದರಿಂದ ಇಬ್ಬರನ್ನೂ ಕರೆದೊಯ್ಯಿರಿ.

ಪರೀಕ್ಷೆ ಹೀಗಿರುತ್ತದೆ: ಕಣ್ಣಿನ ಪಾಪೆ ಅಗಲವಾಗಲು ಹನಿ ಹಾಕುತ್ತಾರೆ, ನೋವಾಗದಂತೆ ಮರಗಟ್ಟಿಸುವ ಹನಿಯನ್ನೂ ಹಾಕಿ, ರೆಪ್ಪೆಗಳನ್ನು ಒಂದು ಪುಟ್ಟ ತಂತಿಯ ಸಾಧನದಿಂದ ತೆರೆದಿಟ್ಟು, ತಲೆಗೆ ಕಟ್ಟಿಕೊಂಡ ದೀಪದ ಬೆಳಕಿನಲ್ಲಿ ಅಥವಾ ಕ್ಯಾಮೆರಾದಿಂದ ಒಳಗೆ ನೋಡುತ್ತಾರೆ. ಮಗು ಅಳುತ್ತದೆ. ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ವಾಂತಿಯಾಗದಿರಲೆಂದು ಪರೀಕ್ಷೆಗೆ ಸ್ವಲ್ಪ ಹೊತ್ತು ಮುಂಚೆ ಹಾಲು ಕೊಡಬೇಡಿ. ಕಾಯಿಲೆ ತೀವ್ರವಾಗಿದ್ದರೆ ಎರಡು ಮೂರು ದಿನಗಳೊಳಗೆ ಲೇಸರ್ ಅಥವಾ ಕಣ್ಣಿಗೆ ಇಂಜೆಕ್ಷನ್ ಆಗಬೇಕು. ಸಮಯಕ್ಕೆ ಆದರೆ ಬಹುಪಾಲು ಮಕ್ಕಳ ದೃಷ್ಟಿ ಉಳಿಯುತ್ತದೆ. ಮೊದಲ ಪರೀಕ್ಷೆ ಸರಿಯಿದ್ದರೂ ವೈದ್ಯರು ಸಾಕು ಎನ್ನುವವರೆಗೆ ಹೇಳಿದ ದಿನಕ್ಕೆ ಮತ್ತೆ ಹೋಗಲೇಬೇಕು.

ಕರ್ನಾಟಕದಲ್ಲಿ ಇದಕ್ಕಾಗಿ ದೂರದ ನಗರಕ್ಕೆ ಅಲೆಯಬೇಕಾದ ಸ್ಥಿತಿಯನ್ನು ತಪ್ಪಿಸಲೆಂದೇ ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆಯನ್ನು ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾದೊಂದಿಗೆ ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನಲ್ಲಿರುವ ತಜ್ಞರು ಅವನ್ನು ನೋಡಿ ವರದಿ ಕೊಡುತ್ತಾರೆ. ನಿಮ್ಮ ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯುವಿನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಪರೀಕ್ಷೆಯ ದಿನ ಯಾವುದೆಂದು ನಾಳೆ ಬೆಳಿಗ್ಗೆಯೇ ವಿಚಾರಿಸಿ. ಹಿರಿಯರ ಕಾಳಜಿ ಸೋಂಕಿನ ಭಯದಿಂದ ಬಂದದ್ದು, ಅದಕ್ಕೆ ಅರ್ಥವಿದೆ. ಮಕ್ಕಳನ್ನು ಎದೆಗೆ ಕಟ್ಟಿಕೊಂಡು ಬೆಚ್ಚಗೆ ಹೋಗಿ ಬಂದರೆ ಆ ಭಯಕ್ಕೂ ಉತ್ತರ ಸಿಗುತ್ತದೆ.

ಪ್ರಶ್ನೆ: ಐವಿಎಫ್‌ನಿಂದ ಹುಟ್ಟಿದ ನಮ್ಮ ಅವಳಿಗಳಿಗೆ 8 ತಿಂಗಳು. ಹುಟ್ಟಿದ್ದು 32 ವಾರಕ್ಕೆ. ಮಗಳು ಆಸರೆಯಿಂದ ಕೂರುತ್ತಾಳೆ, ಮಗ ಅಷ್ಟೂ ಇಲ್ಲ. ಪಕ್ಕದ ಮನೆಯ ಅದೇ ವಯಸ್ಸಿನ ಮಗು ಅಂಬೆಗಾಲಿಡುತ್ತಿದೆ. ಮಗನನ್ನು ವಾಕರ್‌ನಲ್ಲಿ ಕೂರಿಸಿದರೆ ಬಲ ಬರುತ್ತದೆಯೇ?
– ಓದುಗಿ, ಮೈಸೂರು

ಉತ್ತರ: ವಾಕರ್ ಯಾವ ಮಗುವಿಗೂ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಬಿದ್ದು ಪೆಟ್ಟಾಗುವುದೇ ಹೆಚ್ಚು.

ನಿಮ್ಮ ಮಕ್ಕಳು 8 ವಾರ ಮುಂಚೆ ಹುಟ್ಟಿದ್ದಾರೆ. ಆ 8 ವಾರಗಳನ್ನು ಕಳೆದರೆ ಬೆಳವಣಿಗೆಯ ಲೆಕ್ಕಕ್ಕೆ ಅವರ ವಯಸ್ಸು 6 ತಿಂಗಳು; 2 ವರ್ಷ ತುಂಬುವವರೆಗೆ ಹೀಗೆಯೇ ಲೆಕ್ಕ ಹಾಕಬೇಕು. 6 ತಿಂಗಳಿಗೆ ಆಸರೆಯಿಂದ ಕೂರುವುದು ಸರಿಯಾದ ಬೆಳವಣಿಗೆ, ಮಗ ಒಂದೆರಡು ವಾರ ಹಿಂದಿದ್ದರೂ ಗಾಬರಿಯಿಲ್ಲ. ಲಸಿಕೆಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅವನ್ನು ಹುಟ್ಟಿದ ದಿನದಿಂದಲೇ ಎಣಿಸಿ, ತಾಯಿ ಕಾರ್ಡ್‌ನಲ್ಲಿರುವ ದಿನಕ್ಕೇ ಹಾಕಿಸಿ. ತಾಯಿಯಿಂದ ಕಬ್ಬಿಣಾಂಶ ಶಿಶುವಿಗೆ ಹರಿದುಬರುವುದು ಬಹುಪಾಲು ಕೊನೆಯ ವಾರಗಳಲ್ಲಿ. ಅವು ತಪ್ಪಿಹೋದ ಮಕ್ಕಳಿಗೆ ಕಬ್ಬಿಣದ ಹನಿ ಮತ್ತು ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಬೇಕಾಗುತ್ತದೆ, ನಿಲ್ಲಿಸಿದ್ದರೆ ವೈದ್ಯರನ್ನು ಕೇಳಿ.

ಮಗನಲ್ಲಿ ಇವುಗಳನ್ನು ಗಮನಿಸಿ: ಕತ್ತು ಇನ್ನೂ ನಿಲ್ಲದಿರುವುದು, ಮುಷ್ಟಿ ಯಾವಾಗಲೂ ಬಿಗಿದಿರುವುದು, ಡಯಪರ್ ಬದಲಿಸುವಾಗ ಕಾಲುಗಳು ಸೆಟೆದು ಕತ್ತರಿಯಂತೆ ಒಂದರ ಮೇಲೊಂದು ಬರುವುದು, ಆಟಿಕೆ ಕೊಟ್ಟಾಗಲೆಲ್ಲ ಒಂದೇ ಕೈ ಚಾಚುವುದು, ಶಬ್ದಕ್ಕೆ ತಿರುಗದಿರುವುದು. ಇವುಗಳಲ್ಲಿ ಒಂದಿದ್ದರೂ ಕಾಯದೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿ ತಪಾಸಣೆ ಮತ್ತು ಫಿಸಿಯೋಥೆರಪಿ ಉಚಿತ. ಎನ್‌ಐಸಿಯುವಿನಿಂದ ಬಿಡುಗಡೆಯಾಗುವಾಗ ಕಿವಿಯ ಪರೀಕ್ಷೆ ಆಗಿರದಿದ್ದರೆ, ನಿಮ್ಮೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಅಲ್ಲಿ ಇಬ್ಬರಿಗೂ ಮಾಡಿಸಿ. ಹೋಗುವಾಗ ಬಿಡುಗಡೆಯ ಸಾರಾಂಶ ಚೀಟಿಯನ್ನು ತಪ್ಪದೆ ಜೊತೆಗೊಯ್ಯಿರಿ, ಹುಟ್ಟಿದ ವಾರ, ತೂಕ, ಕಾಮಾಲೆಯ ಮಟ್ಟ, ಕೊಟ್ಟ ಔಷಧಗಳು ಎಲ್ಲವೂ ಅದರಲ್ಲಿರುತ್ತವೆ.